ಗ್ಲೈಡರಿನ ಕಂಕುಳ ಪಟ್ಟಿ

ಅಂಟಿಸುವುದೂ ಒಂದು ವಿದ್ಯೆ ಎಂದರೆ ಯಾರೂ ಒಪ್ಪುವುದಿಲ್ಲ. ಹಾಡುವವರಿಗೆ, ಹರಿಕಥೆ ಮಾಡುವವರಿಗೆ, ಕೊನೆಗೆ ಚೆನ್ನಾಗಿ ಇಸ್ಪೀಟು ಆಡುವವರಿಗೂ ಊರಿನಲ್ಲಿ ಒಂದು ಹೆಸರಿರುತ್ತದೆ. ಚೆನ್ನಾಗಿ ಅಂಟಿಸುವವನಿಗೆ ಮಾತ್ರ ಇಲ್ಲ. ಎಪ್ಪತ್ತರ ದಶಕದಲ್ಲಿ ನಾನು ಕೋಲಾರದ ಒಂದು ಕಚೇರಿಯಲ್ಲಿ ಟಪಾಲು ಗುಮಾಸ್ತನಾಗಿದ್ದೆ. ಲಕೋಟೆ, ಸ್ಟಾಂಪು, ಕಿತ್ತುಹೋದ ಕಡತಗಳ ಬೆನ್ನು ಇವುಗಳನ್ನು ಬೆಳಗಿನಿಂದ ಸಂಜೆಯವರೆಗೆ ಅಂಟಿಸುವುದೇ ನನ್ನ ಕಾಯಕ. ನಾನು ಅಂಟಿಸಿದ ಲಕೋಟೆಗಳನ್ನು ಬಿಡಿಸಲಾಗದೆ ಒಳಗಿನ ಕಾಗದವನ್ನೂ ಸೇರಿಸಿ ಹರಿಯಬೇಕಾಯಿತು ಎಂದು ಬೆಂಗಳೂರಿನಿಂದ ಎರಡು ಸಲ ದೂರು ಬಂದಿತ್ತು. ಮೇಲಧಿಕಾರಿಗಳು ಗದರಿಸಿದರು. ನಾನು ಆ ಎರಡು ಪತ್ರಗಳನ್ನೂ ಪ್ರಶಸ್ತಿಪತ್ರಗಳೆಂದು ತಿಳಿದು, ಬಲವಾಗಿ ಅಂಟಿಸಿ ಫೈಲು ಮಾಡಿದೆ.

ನನ್ನ ಈ ವಿದ್ಯೆಯನ್ನು ಗುರುತಿಸಿದ ಏಕೈಕ ಪುಣ್ಯಾತ್ಮರು ರಾಘವರಾಯರು. ವಾಯುಪಡೆಯಿಂದ ನಿವೃತ್ತರಾಗಿ ಊರಿಗೆ ಬಂದಿದ್ದರು. ಯಾವುದೋ ಅರ್ಜಿ ಕೊಡಲು ನಮ್ಮ ಕಚೇರಿಗೆ ಬಂದವರು, ನಾನು ಹರಿದ ನಕ್ಷೆಯೊಂದರ ಹಿಂದೆ ಬಟ್ಟೆಯ ಪಟ್ಟಿ ಅಂಟಿಸುತ್ತಿದ್ದುದನ್ನು ಕಾಲು ಗಂಟೆ ನಿಂತು ನೋಡಿದರು. ಅರ್ಜಿ ಕೊಡುವುದನ್ನು ಮರೆತು, "ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ! ಭಾನುವಾರ ಏನ್ಮಾಡ್ತೀರಿ ನಂಜುಂಡಯ್ಯನೋರೇ?" ಎಂದರು. ಭಾನುವಾರ ಎಣ್ಣೆನೀರು ಹಾಕಿಕೊಂಡು ಮಲಗುತ್ತೇನೆ ಎಂದು ಹೇಳಲು ನಾಚಿಕೆಯಾಗಿ, "ಏನೂ ಇಲ್ಲ ಸಾರ್" ಎಂದೆ. ನನ್ನ ಭಾನುವಾರಗಳು ಹೋದದ್ದು ಹಾಗೆ.

ಮುಳಬಾಗಿಲಿನ ರಸ್ತೆಯ ಬದಿಯ ಬಯಲಿನಲ್ಲಿ ರಾಯರು ನಡೆಸುತ್ತಿದ್ದುದು ಒಂದು ಗ್ಲೈಡರ್ ಕ್ಲಬ್ಬು. ಗ್ಲೈಡರ್ ಎಂದರೆ ಇಂಜಿನ್ ಇಲ್ಲದ ವಿಮಾನ. ಕ್ಲಬ್ಬು ಎಂದರೆ ಒಂದು ತಗಡಿನ ಶೆಡ್ಡು, ಒಂದು ಜೀಪು, ತಂತಿಹಗ್ಗವನ್ನು ಸರ್ರನೆ ಸುತ್ತಿಕೊಂಡು ಗ್ಲೈಡರನ್ನು ಗಾಳಿಪಟದಂತೆ ಮೇಲಕ್ಕೆಳೆಯುವ ಒಂದು ಯಂತ್ರ, ಎರಡು ಸೀಟಿನ ಹಳೆಯ ಮರದ ಗ್ಲೈಡರು, ಮತ್ತು ಈ ಎಲ್ಲವನ್ನೂ ಓಡಿಸುವ, ಒರೆಸುವ, ಬೈಯುವ ಬಾಷಾ. ಮೇಲೆ ಹೋದ ಗ್ಲೈಡರು ಬಿಸಿಗಾಳಿ ಸಿಕ್ಕಿದಲ್ಲೆಲ್ಲ ಹದ್ದಿನಂತೆ ಸುತ್ತಿ ಸುತ್ತಿ ಇನ್ನೂ ಮೇಲೇರುತ್ತದೆ. ಮಾಲೂರಿನ ಇಟ್ಟಿಗೆ ಗೂಡುಗಳ ಮೇಲೆ ಒಳ್ಳೆಯ ಬಿಸಿಗಾಳಿ ಏಳುತ್ತದೆ ಎಂದು ರಾಯರು ಹೇಳುವಾಗ, ಮಾವನ ಮನೆಯ ಊಟವನ್ನು ನೆನೆಯುವವರಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ನನ್ನ ಕೆಲಸ ಹಾರುವುದಲ್ಲ. ನಾನು ಸ್ಟೂಲು ಹತ್ತಿದರೂ ಕಣ್ಣು ಕತ್ತಲೆ ಬರುವ ಜಾತಿ. ನಮ್ಮ ಮನೆಯಲ್ಲಿ ಬಲ್ಬು ಬದಲಿಸುವವಳು ನನ್ನ ಹೆಂಡತಿ ಸರೋಜ. ನನ್ನ ಕೆಲಸ ಸಂದು ಮುಚ್ಚುವುದು. ರೆಕ್ಕೆಯ ಹಿಂದಿನ ಅಂಚಿನಲ್ಲಿ, ತುದಿಯ ಕಡೆಗೆ, ಕೀಲಿನಲ್ಲಿ ಮೇಲೆ-ಕೆಳಗೆ ಆಡುವ ಒಂದು ಉದ್ದನೆಯ ಹಲಗೆ ಇರುತ್ತದೆ. ರಾಯರು ಅದನ್ನು ಐಲರಾನ್ ಎನ್ನುತ್ತಿದ್ದರು. ಬಾಷಾ 'ಕಿವಿ' ಎನ್ನುತ್ತಿದ್ದ. ನಾನೂ ಕಿವಿ ಎಂದೇ ಕಲಿತೆ. ಬಲಗಡೆಯ ಕಿವಿ ಎದ್ದರೆ ಗ್ಲೈಡರು ಬಲಕ್ಕೆ ವಾಲುತ್ತದೆ, ಎಡಗಡೆಯದು ಎದ್ದರೆ ಎಡಕ್ಕೆ. ರೆಕ್ಕೆಗೂ ಕಿವಿಗೂ ನಡುವೆ ಬೆರಳು ತೂರುವಷ್ಟು ಸಂದು. "ನೋಡಿ, ರೆಕ್ಕೆ ಕೆಳಗಡೆ ಗಾಳಿ ಒತ್ತುತ್ತೆ, ಮೇಲ್ಗಡೆ ಎಳೆಯುತ್ತೆ. ನಾವು ಆಕಾಶದಲ್ಲಿ ನಿಂತಿರೋದೇ ಅದರಿಂದ. ಈ ಸಂದಲ್ಲಿ ಗಾಳಿ ಸೋರಿಹೋದ್ರೆ ತೂತಿನ ಬಿಂದಿಗೇಲಿ ನೀರು ತಂದ ಹಾಗೆ" ಎಂದು ರಾಯರು ವಿವರಿಸಿದರು. ಅದಕ್ಕೇ ಆ ಸಂದಿನ ಉದ್ದಕ್ಕೂ ಕೆಳಗಡೆಯಿಂದ ಎರಡಂಗುಲ ಅಗಲದ ತೆಳು ಬಟ್ಟೆಯ ಪಟ್ಟಿಯನ್ನು ಅಂಟಿಸಬೇಕು. ಬೇಸಿಗೆಯಲ್ಲಿ ಅದು ಬಿಸಿಲಿಗೆ ಏಳುತ್ತದೆ, ಚಳಿಗಾಲದಲ್ಲಿ ಇಬ್ಬನಿಗೆ ಸುಕ್ಕಾಗುತ್ತದೆ, ನಡುವೆ ಇಲಿ ತಿನ್ನುತ್ತದೆ. ಎದ್ದ ಪಟ್ಟಿ ಹಾರುವಾಗ ಸಿಳ್ಳೆ ಹೊಡೆಯುತ್ತದೆ. ರಾಯರ ಗ್ಲೈಡರು ಸಿಳ್ಳೆ ಹೊಡೆಯುತ್ತ ಹೋದರೆ ನನಗೆ ತುಂಬಿದ ಸಭೆಯಲ್ಲಿ ಪಂಚೆ ಜಾರಿದಂತಾಗುತ್ತಿತ್ತು.

ಮನೆಯಲ್ಲಿ ಇದಕ್ಕೆ ಬೇರೆಯೇ ಬೆಲೆ. "ನಮ್ಮನೆ ಅಡುಗೆಮನೆ ಕಿಟಕಿ ಸಂದಿಂದ ಗಾಳಿ ಬಂದು ಸ್ಟವ್ ಆರಿಹೋಗುತ್ತೆ. ಅದಕ್ಕೊಂದು ರಟ್ಟು ಹೊಡೀರಿ ಅಂತ ಯುಗಾದಿಯಿಂದ ಹೇಳ್ತಿದ್ದೀನಿ. ನೀವು ಆಕಾಶದ ಸಂದು ಮುಚ್ಚೋಕೆ ಹೋಗಿ" ಎನ್ನುತ್ತಿದ್ದಳು ಸರೋಜ. ಸಾಲದ್ದಕ್ಕೆ ಪಟ್ಟಿಗೆ ಬಳಿಯುವ ವಾರ್ನಿಷಿಗೆ ಮಾಗಿದ ಬಾಳೆಹಣ್ಣಿನ ವಾಸನೆ. ಅದನ್ನು ಡೋಪ್ ಎನ್ನುತ್ತಾರೆ. ಒಣಗುತ್ತ ಒಣಗುತ್ತ ಬಟ್ಟೆಯನ್ನು ತಮಟೆಯ ಚರ್ಮದಂತೆ ಬಿಗಿ ಮಾಡುವುದು ಅದರ ಗುಣ. ಭಾನುವಾರ ಸಂಜೆ ನಾನು ಬಾಗಿಲಿಗೆ ಬಂದರೆ ಸಾಕು, "ಒಬ್ಬರೇ ಬಾಳೆಹಣ್ಣು ತಿಂದು ಬಂದ್ರಾ?" ಎಂಬ ಪ್ರಶ್ನೆ. ನಾನು ತಿಂದಿಲ್ಲ ಎಂದು ಅವಳು ಇಂದಿಗೂ ಪೂರ್ತಿಯಾಗಿ ನಂಬಿಲ್ಲ.

ಈ ಪಟ್ಟಿಗೆ ರಾಯರು ಹಾಕಿಕೊಟ್ಟ ನಿಯಮ ಒಂದೇ ಒಂದು. ಕಿವಿಯನ್ನು ಪೂರ್ತಿ ಮೇಲಕ್ಕೆತ್ತಿ, ಒಬ್ಬರು ಹಿಡಿದುಕೊಂಡಿರಬೇಕು, ಇನ್ನೊಬ್ಬರು ಅಂಟಿಸಬೇಕು. ಕಿವಿ ಎದ್ದಾಗ ಕೆಳಗಿನ ಸಂದು ಅಗಲವಾಗುತ್ತದೆ. ಆಗ ಅಂಟಿಸಿದರೆ, ಕಿವಿ ಇಳಿದಾಗ ಪಟ್ಟಿ ಸಂದಿನಲ್ಲಿ ಸ್ವಲ್ಪ ಸಡಿಲವಾಗಿ ಮಡಿಚಿಕೊಳ್ಳುತ್ತದೆ, ಮತ್ತೆ ಏಳಲು ಜಾಗವಿರುತ್ತದೆ. ನೋಡಲು ಚೆಂದ ಕಾಣುವುದಿಲ್ಲ. ಈ ಚೆಂದ ಕಾಣದಿರುವುದೇ ನನಗೆ ಮೊದಲಿನಿಂದಲೂ ಒಂದು ಕೊರಗು.

ಆ ಏಪ್ರಿಲ್‌ನಲ್ಲಿ ರಾಯರು ಶ್ರೀನಿವಾಸಪುರದವರೆಗೆ ಹಾರಿಹೋಗಿ ಮರಳಿ ಬರುವುದೆಂದು ನಿಶ್ಚಯಿಸಿದರು. ಶನಿವಾರ ಮಧ್ಯಾಹ್ನ ಕಚೇರಿ ಮುಗಿಸಿ ನಾನು ಶೆಡ್ಡಿಗೆ ಹೋಗಿ ಹಳೆಯ ಪಟ್ಟಿಗಳನ್ನೆಲ್ಲ ಕಿತ್ತೆ. ಎಡಗಡೆಯ ಕಿವಿಯನ್ನು ಬಾಷಾ ಎತ್ತಿ ಹಿಡಿದ; ಅಂಟಿಸಿ ಮುಗಿಸಿದೆ. ಅಷ್ಟರಲ್ಲಿ ನಮಾಜಿನ ಹೊತ್ತಾಯಿತೆಂದು ಅವನು ಹೊರಟ. "ಬಲಗಡೇದು ನಾಳೆ ಬೆಳಿಗ್ಗೆ ಮಾಡೋಣ ಸಾಬ್, ನಾನ್ ಬಂದು ಹಿಡ್ಕೊತೀನಿ" ಎಂದ. ನನಗೋ ಅವಸರ. ಆ ಸಂಜೆ ಮುಳಬಾಗಿಲಿನಿಂದ ಸರೋಜಳ ಅಣ್ಣ ಬರುವವರಿದ್ದರು. ಆರು ಗಂಟೆಗೆ ಮನೆಯಲ್ಲಿರದಿದ್ದರೆ ಅವಳು ಮಾತು ಬಿಡುತ್ತೇನೆಂದು ಹೇಳಿದ್ದಳು. ಜೊತೆಗೆ, ಯಾರೂ ನೋಡದಿರುವಾಗ ಒಂದು ಸಲವಾದರೂ ನನಗೆ ಬೇಕಾದಂತೆ ಅಂಟಿಸಬೇಕೆಂಬ ಚಪಲ. ಕಿವಿಯನ್ನು ಎತ್ತದೆ, ರೆಕ್ಕೆಗೆ ಸಮನಾಗಿ ಬಿಟ್ಟು, ಪಟ್ಟಿಯನ್ನು ಎಳೆದು ನೀವಿ ಅಂಟಿಸಿ, ಎರಡು ಕೈ ಡೋಪ್ ಬಳಿದೆ. ಆಹಾ! ರೆಕ್ಕೆ ಎಲ್ಲಿ ಮುಗಿಯಿತು, ಕಿವಿ ಎಲ್ಲಿ ಶುರುವಾಯಿತು ಎಂದು ತಿಳಿಯದಷ್ಟು ನುಣುಪು. ಸ್ವಲ್ಪ ಹಿಂದೆ ಸರಿದು ನಿಂತು ನೋಡಿದೆ. ನನಗೆ ಕಣ್ಣಲ್ಲಿ ನೀರು ಬಂತು. ಡೋಪ್‌ನ ಘಾಟಿಗೂ ಬಂದಿರಬಹುದು.

ಮರುದಿನ ಹೊರಡುವ ಮುಂಚೆ ರಾಯರು ಒಳಗೆ ಕೂತು, ಕಿವಿಗಳನ್ನು ಎತ್ತಿ ಇಳಿಸುವ ಕೋಲನ್ನು ಎಡಕ್ಕೆ ಬಲಕ್ಕೆ ಆಡಿಸಿ ನೋಡಿದರು. "ಬಲಗಡೆ ಸ್ವಲ್ಪ ಬಿಗಿ ಇದೆಯಲ್ರೀ?" ಎಂದರು. ನಾನು, "ಹೊಸ ಪಟ್ಟಿ ಸಾರ್, ಒಂದು ಗಳಿಗೇಲಿ ಪಳಗುತ್ತೆ" ಎಂದೆ. ಹೊಸ ಚಪ್ಪಲಿಯ ಬಗ್ಗೆ ಆಡುವ ಮಾತನ್ನು ರೆಕ್ಕೆಯ ಬಗ್ಗೆ ಆಡಿದೆ. ಅವರು ನನ್ನನ್ನು ನಂಬಿದರು.

ಬಾಷಾ ಯಂತ್ರ ತಿರುಗಿಸಿದ, ಗ್ಲೈಡರು ಎದ್ದಿತು, ಸಿಳ್ಳೆಯಿಲ್ಲದೆ ಮೇಲೇರಿ ಈಶಾನ್ಯಕ್ಕೆ ಚುಕ್ಕೆಯಾಯಿತು. ನಾನು ಎದೆಯುಬ್ಬಿಸಿ ನಿಂತಿದ್ದೆ. ಬಾಷಾ ಬಂದು, "ಬಲಗಡೆ ಕಿವಿ ಯಾರು ಹಿಡ್ಕೊಂಡಿದ್ರು ಸಾಬ್?" ಎಂದು ಕೇಳಿದ. ಅವನು ನನ್ನ ಮುಖ ನೋಡಿ, "ಯಾ ಅಲ್ಲಾ" ಎಂದ. ಡೋಪ್ ಇನ್ನೂ ಪೂರ್ತಿ ಒಣಗಿರಲಿಲ್ಲ, ಬಿಸಿಲು ಏರುತ್ತಿತ್ತು, ಏರಿದಷ್ಟೂ ಪಟ್ಟಿ ಬಿಗಿಯುತ್ತದೆ ಎಂಬುದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಮೇಲಿದ್ದವರಿಗೆ ಹೇಳಲು ನಮ್ಮಲ್ಲಿ ರೇಡಿಯೋ ಇಲ್ಲ. ಗ್ಲೈಡರನ್ನು ಹೊತ್ತು ತರುವ ಉದ್ದನೆಯ ಗಾಡಿಯನ್ನು ಜೀಪಿಗೆ ಕಟ್ಟಿಕೊಂಡು ಶ್ರೀನಿವಾಸಪುರದ ರಸ್ತೆ ಹಿಡಿದೆವು.

ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಕೇಳಿದೆವು. "ಸದ್ದಿಲ್ಲದೆ ಇರೋ ಇಮಾನ ನೋಡಿದ್ರಾ?" ಎಂದರೆ, ಮುದುಕರೊಬ್ಬರು "ಸದ್ದೇ ಇಲ್ದಿದ್ರೆ ನಾನ್ಯಾಕೆ ತಲೆ ಎತ್ತಿ ನೋಡ್ಲಪ್ಪಾ?" ಎಂದು ನ್ಯಾಯವಾಗಿಯೇ ಕೇಳಿದರು. ನಾನು ನನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಬಾಷಾನಿಗೂ ನನ್ನ ಪರವಾಗಿ ಒಂದು ಹೊತ್ತುಕೊಳ್ಳಲು ಹೇಳಿದೆ. ಕೊನೆಗೆ ಹುಲ್ಲುಹೊರೆ ಹೊತ್ತ ಹೆಂಗಸೊಬ್ಬಳು, "ಅದಿಗೋ ಸಾಮಿ, ಆ ಮಾವಿನತೋಪು ಪಕ್ಕನೆ! ದೊಡ್ಡ ಹದ್ದು ಕೂತಂಗೆ ಕೂತೈತೆ. ಒಳಗಿದ್ದ ಸಾಮಿ ಇಳ್ದು ನೀರು ಕೇಳುದ್ರು" ಎಂದಳು. ನೀರು ಕೇಳಿದರು ಎಂದ ಕೂಡಲೇ ನಾನು ಜೀಪಿನಲ್ಲೇ ಕೈ ಮುಗಿದೆ. ಸತ್ತವರು ನೀರು ಕೇಳುವುದಿಲ್ಲ.

ರಾಗಿ ಕೊಯ್ದ ಹೊಲದಲ್ಲಿ ಗ್ಲೈಡರು ಒಂದು ಗೀರೂ ಇಲ್ಲದೆ ಕೂತಿತ್ತು. ಊರಿಗೆ ಊರೇ ಸುತ್ತ ನೆರೆದಿತ್ತು. ರಾಯರು ತೋಪಿನ ನೆರಳಲ್ಲಿ ಮಂಚದ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಆದರೆ ಅವರ ಮುಖ ನೋಡಿ ನನ್ನ ಸಂತೋಷವೆಲ್ಲ ಇಳಿದುಹೋಯಿತು. ಅಂಥ ಸೋತ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ.

"ಕೈ ಸೋತುಹೋಯ್ತು ಕಣ್ರೀ ನಂಜುಂಡಯ್ಯ" ಎಂದರು. "ಸರ್ವೀಸಿನಲ್ಲಿದ್ದಾಗ ಲಾರಿಯಿಂದ ಬಿದ್ದು ಈ ಬಲಗಡೆ ಭುಜ ಮುರಿದಿತ್ತು. ಮಳೆಗಾಲದಲ್ಲಿ ಈಗಲೂ ನೋಯುತ್ತೆ, ಯಾರಿಗೂ ಹೇಳಿರಲಿಲ್ಲ. ಇವತ್ತು ಎಡಕ್ಕೆ ಸಲೀಸಾಗಿ ತಿರುಗ್ತು, ಬಲಕ್ಕೆ ಮಾತ್ರ ಕೋಲು ಒತ್ತೋಕೆ ಆಗ್ಲೇ ಇಲ್ಲ. ಹೊತ್ತು ಹೋದಷ್ಟೂ ಜಾಸ್ತಿ ಆಯ್ತು. ಸ್ವಂತ ಕೈಯನ್ನೇ ನಂಬೋಕಾಗದೆ ಇದ್ದಾಗ ಮೇಲೆ ಇರಬಾರದು. ದೊಡ್ಡ ಹೊಲ ಕಂಡಿತು, ಇಳಿಸಿಬಿಟ್ಟೆ."

ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. "ಮಜ್ಜಿಗೆಗೆ ಉಪ್ಪು ಸರಿಯಾಗಿದೆಯಾ ಸಾರ್?" ಎಂಬ ಮಾತು ಹೊರಗೆ ಬಂತು.

ಅಲ್ಲಿಂದ ಮೆಲ್ಲನೆ ಜಾರಿ ಬಲಗಡೆಯ ರೆಕ್ಕೆಯ ಕೆಳಗೆ ನುಗ್ಗಿ, ಆ ನನ್ನ ನುಣುಪಾದ ಪಟ್ಟಿಯನ್ನು ಉಗುರಿನಿಂದ ಕೀಳತೊಡಗಿದೆ. ಸಾಕ್ಷ್ಯ ನಾಶ ಮಾಡುವುದು ಎನ್ನುತ್ತಾರಲ್ಲ, ಅದು. ನನ್ನ ಅಂಟು, ಅಷ್ಟು ಸುಲಭಕ್ಕೆ ಬರುತ್ತದೆಯೇ? ಬೆವರುತ್ತ ಅರ್ಧ ಕಿತ್ತು ಜೇಬಿಗೆ ತುರುಕುವಷ್ಟರಲ್ಲಿ, "ಯಾಕಣ್ಣಾ ಅದುನ್ನ ಕೀಳ್ತಿದ್ದೀಯಾ?" ಎಂಬ ಧ್ವನಿ ಕೇಳಿತು. ರಾಯರಿಗೆ ಮಜ್ಜಿಗೆ ಕೊಟ್ಟ ಮನೆಯಾಕೆ, ನಾರಾಯಣಮ್ಮ, ಬಗ್ಗಿ ನೋಡುತ್ತ ನಿಂತಿದ್ದರು. ಕುತ್ತಿಗೆಯಲ್ಲಿ ಅಳತೆಯ ಟೇಪು. ಊರಿನ ರವಿಕೆಗಳನ್ನೆಲ್ಲ ಹೊಲಿಯುವವರು ಅವರೇ.

"ಹಾಳಾಗಿದೆಯಮ್ಮ, ಅದಕ್ಕೆ" ಎಂದೆ.

"ಹಾಳಾಗಿಲ್ಲ, ಬಿಗಿಯಾಗೈತೆ. ನಾನ್ ಆಗ್ಲೇ ಕೈಯಾಕಿ ಎತ್ತಿ ನೋಡ್ದೆ. ಆ ಕಡೇದು ಎತ್ತುದ್ರೆ ಏಳ್ತೈತೆ, ಇದು ಏಳಲ್ಲ. ಕಂಕುಳಲ್ಲಿ ಸಡ್ಲ ಬಿಡ್ದೆ ರವಿಕೆ ಹೊಲ್ದಂಗೆ. ಕೈ ಎತ್ತಕ್ಕೆ ಎಲ್ಲಾಗ್ತದೆ?"

ವರ್ಷಗಟ್ಟಲೆ ರಾಯರು ನಕ್ಷೆ ಬರೆದು ತಿಳಿಸಿದ್ದನ್ನು ಈಕೆ ಒಂದು ಸಲ ಮುಟ್ಟಿ ತಿಳಿದಿದ್ದರು.

ನಾರಾಯಣಮ್ಮ ಆಚೀಚೆ ನೋಡಿ, ಧ್ವನಿ ತಗ್ಗಿಸಿ, ರೆಕ್ಕೆಯ ನೆರಳಿಗೆ ಬಂದು ಕುಕ್ಕರಗಾಲಲ್ಲಿ ಕೂತರು. "ನಮ್ಮಣ್ಣನ ಮಗಳ ಮದ್ವೇಲಿ ನಾನೂ ಇಂಗೇ ಮಾಡ್ದೆ. ನೋಡಕ್ಕೆ ಮೈಗೆ ಅಂಟ್ಕಂಡಂಗೆ ಇರ್ಬೇಕು ಅಂತ ಬಿಗಿ ಹೊಲ್ದೆ. ಹಾರ ಹಾಕೋ ಹೊತ್ತಿಗೆ ಅವ್ಳಿಗೆ ಕೈಯೇ ಏಳ್ಲಿಲ್ಲ. ಎಲ್ಲಾ ನಕ್ಕುಬಿಟ್ರು. ನಾನು ಬಾಯಿ ತಪ್ಪಿ, ಹುಡುಗಿ ದಪ್ಪಗಾಗವಳೆ ಅಂದ್ಬಿಟ್ಟೆ. ಆ ಮಗು ಅದುನ್ನೇ ನಿಜ ಅನ್ಕಂಡು, ಗಂಡನ ಮನೇಲಿ ತಿಂಗಳುಗಟ್ಲೆ ಸರಿಯಾಗಿ ಉಣ್ಲಿಲ್ವಂತೆ. ತಪ್ಪು ನಂದು ಕಣಮ್ಮಾ ಅಂತ ಇವತ್ತಿಗೂ ಏಳಿಲ್ಲ. ಅವ್ಳು ಬಂದಾಗೆಲ್ಲ ಎರಡು ಮುದ್ದೆ ಜಾಸ್ತಿ ಇಕ್ತೀನಿ, ಅಷ್ಟೇ." ಎದ್ದು ಸೀರೆ ಕೊಡವಿಕೊಂಡರು. "ಪಾಪಂ, ಆ ಸಾಮಿ ಆಗ್ಲಿಂದ ಭುಜ ಒತ್ಕಂತಾ ಕೂತವ್ರೆ. ನಿನ್ನಿಷ್ಟ ಅಣ್ಣಾ."

ನಾನು ಮಂಚದ ಬಳಿಗೆ ಹಿಂತಿರುಗಿದರೆ, ರಾಯರು ಚೀಲದಿಂದ ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. "ನಿಮ್ಮ ಅಕ್ಷರ ಚೆನ್ನಾಗಿದೆ. ಕ್ಲಬ್ಬಿನ ಅಧ್ಯಕ್ಷರಿಗೆ ಒಂದು ಕಾಗದ ಬರ್ಕೊಳ್ಳಿ. ಇವತ್ತೇ ಮುಗಿಸಿಬಿಡೋಣ." ಅವರು ಹೇಳಿದರು, ನಾನು ಬರೆದೆ. 'ಮಾನ್ಯರೆ, ನನ್ನ ಬಲಗೈಯ ಶಕ್ತಿಯು ಕುಂದಿರುವುದರಿಂದ, ಇನ್ನು ಮುಂದೆ ನಾನು ಹಾರುವುದು...' ಅಲ್ಲಿಗೆ ಪೆನ್ನು ನಿಂತಿತು.

"ಯಾಕೆ, ಇಂಕು ಮುಗೀತಾ?"

"ಇಲ್ಲ ಸಾರ್. ಈ ವಾಕ್ಯ ತಪ್ಪು."

"ವ್ಯಾಕರಣ ಆಮೇಲೆ ನೋಡೋಣ, ಬರೀರಿ."

"ವ್ಯಾಕರಣ ಅಲ್ಲ ಸಾರ್" ಎಂದು ಜೇಬಿನಿಂದ ಪಟ್ಟಿಯನ್ನು ತೆಗೆದು ಅವರ ತೊಡೆಯ ಮೇಲಿಟ್ಟೆ. ಬಾಷಾ ಹೋದದ್ದು, ನಾನು ಒಬ್ಬನೇ ಅಂಟಿಸಿದ್ದು, ಬೆಳಿಗ್ಗೆ ಪಳಗುತ್ತೆ ಎಂದು ಹೇಳಿದ್ದು, ಈಗ ಕಿತ್ತು ಬಚ್ಚಿಟ್ಟಿದ್ದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವರು ಹೊಡೆಯಬಹುದು ಎಂದುಕೊಂಡು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ರಾಯರು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿದರು. ಆಮೇಲೆ ಎದ್ದು, ಬಲಗೈಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಬೀಸಿದರು. ನಾರಾಯಣಮ್ಮನವರು ತುಂಬಿಟ್ಟಿದ್ದ ನೀರಿನ ಕೊಡವನ್ನು ಆ ಒಂದೇ ಕೈಯಲ್ಲಿ ಎತ್ತಿದರು. ಭುಜದವರೆಗೆ ಎತ್ತಿ, ಒಂದು ತೊಟ್ಟೂ ಚೆಲ್ಲದೆ ಕೆಳಗಿಟ್ಟರು. "ಬಾಷಾ, ನೋಡಿದ್ಯೇನೋ?" ಎಂದು ಕೂಗಿದರು. ಆಮೇಲೆ ಅರ್ಧ ಬರೆದ ಕಾಗದವನ್ನು ನನ್ನ ಕೈಯಿಂದ ಕಿತ್ತು ಹರಿದು, ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡರು. ನನ್ನನ್ನು ಕೊಲ್ಲಲು ಹೊರಟವನನ್ನು ನಾನು ಅಪ್ಪಿಕೊಳ್ಳುತ್ತಿದ್ದೆನೋ ಇಲ್ಲವೋ. ಮುದ್ದೆ, ಹುರುಳಿ ಸಾರು ಊಟ ಮಾಡಿ, ನಾರಾಯಣಮ್ಮನವರಿಗೆ ಕೈ ಮುಗಿದು, ಗ್ಲೈಡರನ್ನು ಬಿಚ್ಚಿ ಗಾಡಿಯ ಮೇಲೆ ಹೇರಿದೆವು. ಹೊರಡುವಾಗ ಆಕೆ ನನ್ನ ಹತ್ತಿರ ಬಂದು, "ಏಳ್ಬುಟ್ಟಾ ಅಣ್ಣಾ?" ಎಂದು ಕೇಳಿದರು. ಹೇಳಿದೆ ಎಂದೆ. "ಬಾಳಾ ಬೈದ್ರಾ?" ಇಲ್ಲ ಎಂದೆ. ಆಕೆ ಬೆರಳಿನಲ್ಲಿ ಏನೋ ಲೆಕ್ಕ ಹಾಕಿ, "ಅವ್ಳು ಮಾವಿನಹಣ್ಣಿಗೆ ಬರ್ತಾಳೆ, ಮುಂದಿನ ತಿಂಗ್ಳು" ಎಂದರು.

ರಾಯರಿಗೆ ಕೋಪ ಬಂದದ್ದು ಕೋಲಾರ ಇನ್ನು ಎರಡು ಮೈಲಿ ಇದೆ ಎನ್ನುವಾಗ. ಸಂತೋಷ ಇಳಿದು ಲೆಕ್ಕ ಶುರುವಾಗಿತ್ತು. "ಜೀಪ್ ನಿಲ್ಸೋ" ಎಂದರು. ನಿಲ್ಲಿಸಿದ. "ನಂಜುಂಡಯ್ಯನೋರೇ, ಇಳಿಯೋ ಹೊತ್ತಿಗೆ ಅಡ್ಡಗಾಳಿ ಬಂದು ಎಡಕ್ಕೆ ವಾಲಿಸಿದ್ರೆ ನಾನು ಎತ್ತೋಕಾಗ್ತಿರಲಿಲ್ಲ. ಗೊತ್ತಾ ನಿಮಗೆ?" ಗೊತ್ತು ಎಂದೆ. "ನಿಮಗೆ ಗೊತ್ತಿಲ್ಲ. ಶೆಡ್ಡಲ್ಲಿ ಕೂತವರಿಗೆ ಅದು ಪಟ್ಟಿ. ಮೇಲಿರೋನಿಗೆ ಅದು ಪ್ರಾಣ. ಇವತ್ತಿಂದ ಹೊಸ ನಿಯಮ. ಪಟ್ಟಿ ಅಂಟಿಸಿದವನೇ ನನ್ನ ಹಿಂದಿನ ಸೀಟಿನಲ್ಲಿ ಕೂತು ಮೊದಲು ಹಾರಬೇಕು." ಬಾಷಾ ನಗು ತಡೆಯಲಾಗದೆ ಹಾರನ್ ಒತ್ತಿದ.

ಮುಂದಿನ ಭಾನುವಾರ ನಾನು ಅಂಟಿಸಿದ ಪಟ್ಟಿಯಷ್ಟು ಕುರೂಪವಾದ ಪಟ್ಟಿಯನ್ನು ಜಗತ್ತು ಕಂಡಿರಲಾರದು. ಅಷ್ಟೊಂದು ಸಡಿಲ. ಬಾಷಾನ ಕೈಲಿ ಕಿವಿಯನ್ನು ಎತ್ತಿ ಹಿಡಿಸಿ, ಅವನ ಕೈ ನಡುಗುವವರೆಗೆ ಬಿಡಲಿಲ್ಲ. ಆಮೇಲೆ ಇಪ್ಪತ್ತು ಸಲ ಎತ್ತಿ ಇಳಿಸಿ ನೋಡಿದೆ. ಮನೆಯಲ್ಲಿ ಸರೋಜಳಿಗೆ ಹೇಳದೆ ಬಂದಿದ್ದೆ. ಯಂತ್ರ ಎಳೆದಾಗ ನನ್ನ ಜೀವ ಬಯಲಿನಲ್ಲೇ ಉಳಿಯಿತು, ದೇಹ ಮಾತ್ರ ಮೇಲೆ ಹೋಯಿತು. ಆದರೆ ಪಟ್ಟಿ ಸಿಳ್ಳೆ ಹೊಡೆಯಲಿಲ್ಲ, ಕಿವಿ ಎರಡೂ ಕಡೆ ಎದ್ದವು, ಇಳಿದವು. ಹೀಗೆ ಎಂಬತ್ತರ ದಶಕದಲ್ಲಿ ಆ ಕ್ಲಬ್ಬು ಮುಚ್ಚುವವರೆಗೂ ನಾನು ಅಂಟಿಸಿದೆ, ಹಾರಿದೆ. ಒಂದೇ ಒಂದು ಪಟ್ಟಿಯೂ ಎಂದೂ ತಪ್ಪಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಪ್ರಾಣಭಯದಷ್ಟು ಒಳ್ಳೆಯ ಮೇಲಧಿಕಾರಿ ಇನ್ನೊಬ್ಬನಿಲ್ಲ.

ಒಂದು ಸಲ ಸರೋಜಳೂ ಹಟ ಹಿಡಿದು, ರಾಯರ ಹಿಂದೆ ಕೂತು ಐದೇ ನಿಮಿಷ ಹಾರಿ ಬಂದಳು. ಇಳಿದವಳ ಬಾಯಿ ನಿಲ್ಲಲಿಲ್ಲ. ಅಂತರಗಂಗೆ ಬೆಟ್ಟದ ಬಂಡೆಗಳು ಮೇಲಿನಿಂದ ಮಲಗಿದ ಎಮ್ಮೆಗಳಂತೆ ಕಾಣುವುದು, ಕೆರೆಗಳು ಒಂದರ ಹಿಂದೆ ಒಂದು ಒಡೆದ ಕನ್ನಡಿಯ ಚೂರುಗಳಂತೆ ಮಿನುಗುವುದು, ಹಿಪ್ಪುನೇರಳೆ ತೋಟಗಳ ಹಸುರು, ನಮ್ಮ ಮನೆಯ ಮಾಳಿಗೆಯ ಮೇಲೆ ಅವಳೇ ಒಣಹಾಕಿದ್ದ ಹಪ್ಪಳ. ಮನೆಗೆ ಬಂದವರು ಈಗಲೂ ನನ್ನನ್ನು ಕೇಳುತ್ತಾರೆ: "ಅಷ್ಟು ವರ್ಷ ಹಾರಿದ್ದೀರಿ, ಮೇಲಿಂದ ನಮ್ಮ ಕೋಲಾರ ಹೇಗೆ ಕಾಣುತ್ತೆ ಸ್ವಾಮಿ?" ನಾನು ಗಂಟಲು ಸರಿಮಾಡಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ, ಅಷ್ಟೂ ವರ್ಷ ನಾನು ಒಂದು ಕಣ್ಣನ್ನು ಎಡಗಡೆಯ ಕಿವಿಯ ಮೇಲೂ ಇನ್ನೊಂದನ್ನು ಬಲಗಡೆಯ ಕಿವಿಯ ಮೇಲೂ ನೆಟ್ಟು, ಪಟ್ಟಿ ಎಲ್ಲಿ ಏಳುತ್ತದೋ ಎಂದು ಕಾಯುತ್ತ ಕೂತಿದ್ದೆ. ಕೆಳಗೆ ಒಂದು ಸಲವೂ ನೋಡಿಲ್ಲ. ಹಾಗೆಂದು ಬಂದವರಿಗೆ ಹೇಳಲಾಗುತ್ತದೆಯೇ? ಒಳಗೆ ತಿರುಗಿ ಕೂಗುತ್ತೇನೆ: "ಸರೋಜಾ, ಸ್ವಲ್ಪ ಬಾರೇ, ಇವರಿಗೆ ನಾನು ನೋಡಿದ್ದನ್ನೆಲ್ಲ ಹೇಳು."